ನಲವತ್ತಮೂರು ಕಾರ್ಡು

ಬಾಲ್ಟಿಮೋರಿನ ಲಾಂಡ್ರಿಯೊಂದರಲ್ಲಿ ಲೂವೀನಿಯಾ ಇಪ್ಪತ್ತೆರಡು ವರ್ಷ ಬಿಳಿಯರ ಅಂಗಿಗಳಿಗೆ ಇಸ್ತ್ರಿ ಹಾಕಿದಳು. ಮದುವೆಯಾಗಲಿಲ್ಲ. ತೀರಿಕೊಂಡ ತಂಗಿಯ ಮಗಳು ವರ್ಲೀನಳನ್ನು ಸಾಕಿದಳು, ಅಷ್ಟೇ ಅವಳ ಸಂಸಾರ.

ಕರಿಯರ ಮನೆಯಲ್ಲೇ ಹುಟ್ಟಿದರೂ ವರ್ಲೀನ್ ಎಷ್ಟು ಬೆಳ್ಳಗಿದ್ದಳೆಂದರೆ, ಗೊತ್ತಿಲ್ಲದವರು ಬಿಳಿಯರ ಹುಡುಗಿಯೆಂದೇ ತಿಳಿಯುತ್ತಿದ್ದರು. ಸಂಜೆ ನಾಲ್ಕಕ್ಕೆ ಟೀವಿಯಲ್ಲಿ ಹರೆಯದವರ ಕುಣಿತ ಬರುತ್ತಿತ್ತು. ಅಲ್ಲಿ ನಮ್ಮ ಕರಿಯರ ಮಕ್ಕಳಿಗೆ ತಿಂಗಳಿಗೊಂದೇ ದಿನ, ಮಿಕ್ಕ ದಿನವೆಲ್ಲ ಬಿಳಿಯರ ಮಕ್ಕಳದ್ದು. ಅರವತ್ತೆರಡರ ಚಳಿಗಾಲದಲ್ಲಿ ವರ್ಲೀನ್ ಸುಳ್ಳು ವಿಳಾಸ ಬರೆದುಕೊಟ್ಟು ಬಿಳಿಯರ ದಿನವೇ ಕುಣಿಯಲು ಒಳಗೆ ಹೋದಳು. ಯಾರೂ ತಡೆಯಲಿಲ್ಲ.

"ಬಾಯಿ ಬಿಡಬೇಡ ದೊಡ್ಡಮ್ಮ. ಗೊತ್ತಾದ್ರೆ ಆಚೆ ದಬ್ತಾರೆ."

ಬಾಯಿ ಬಿಡುವುದೇನು ಬಂತು, ಟೀವಿಯೇ ತೋರಿಸುತ್ತಿತ್ತಲ್ಲ! ಚರ್ಚಿನ ಹೆಂಗಸರೆಲ್ಲ ಲೂವೀನಿಯಾಳ ಮನೆಗೆ ಬಂದು, ಬಾಗಿಲು ಹಾಕಿಕೊಂಡು ನೋಡುತ್ತಿದ್ದರು.

"ಅವಳ ಜೊತೆಗಾರನ್ನ ನೋಡೇ ಅಕ್ಕ," ಎಂದು ಪಕ್ಕದ ಮನೆಯ ಒಡೆಸಾ ನಕ್ಕಳು. "ಕುಣೀತಾನೋ, ಇರುವೆ ತುಳೀತಾನೋ?"

ಮಾರ್ಚಿನಲ್ಲಿ ಟೀವಿಯವರು ಹೊಸ ನಿಯಮ ತಂದರು. ನೋಡುವವರು ಮೆಚ್ಚಿದವರ ಹೆಸರನ್ನು ಕಾರ್ಡಿನಲ್ಲಿ ಬರೆದು ಕಳಿಸಬೇಕು. ಕಡಿಮೆ ಕಾರ್ಡು ಬಂದವರು ಹೊರಗೆ.

"ನಂಗ್ಯಾರು ಬರೀತಾರೆ?" ಎಂದು ವರ್ಲೀನ್ ಊಟ ಬಿಟ್ಟು ಮಲಗಿದಳು.

ಲೂವೀನಿಯಾಳಿಗೆ ತಡೆಯಲಾಗಲಿಲ್ಲ. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹೆಂಗಸರಿಗೆಲ್ಲ ಕಾರ್ಡು ಹಂಚಿದಳು. ಆ ಹೆಂಗಸರೆಲ್ಲ ಅವಳ ಬೀದಿಯವರೇ, ದಕ್ಷಿಣದ ರಾಜ್ಯಗಳಿಂದ ಬಂದವರು. ಅಲ್ಲಿ ಒಂದಕ್ಷರ ತಪ್ಪಿದರೂ ಓಟಿನ ಪಟ್ಟಿಗೆ ಸೇರಲು ನಮ್ಮವರು ಕೊಟ್ಟ ಅರ್ಜಿ ಮೂಲೆಗೆ ಬೀಳುತ್ತಿತ್ತು. ಅದಕ್ಕೇ ಒಬ್ಬೊಬ್ಬರೂ ನಾಲಿಗೆ ಕಚ್ಚಿಕೊಂಡು ವರ್ಲೀನಳ ಹೆಸರಿನ ಕೆಳಗೆ ತಮ್ಮ ಹೆಸರು, ಬೀದಿ, ಮನೆ ನಂಬರು ಎಲ್ಲ ದುಂಡಗೆ ಬರೆದರು. "ಒಂದೂ ತಪ್ಪಿಲ್ಲ ತಾನೇ?" ಎಂದು ಲೂವೀನಿಯಾ ಎರಡೆರಡು ಸಲ ನೋಡಿದಳು.

ಗುರುವಾರ ಟೀವಿಯವರ ಬಾಗಿಲಲ್ಲಿ ನಿಂತ ಹೆಂಗಸು ವರ್ಲೀನಳ ಮುಂದೆ ಕಾರ್ಡಿನ ಕಟ್ಟು ಹಿಡಿದಳು.

"ಇಷ್ಟೂ ಒಂದೇ ಬೀದಿಯಿಂದ ಬಂದಿದೆ. ಆ ಬೀದೀಲಿ ಬಿಳಿಯರು ಒಬ್ರೂ ಇಲ್ಲ. ಅವ್ರಿಗೆ ನಿನ್ಮೇಲೆ ಇಷ್ಟು ಪ್ರೀತಿ ಯಾಕಮ್ಮ?"

ವರ್ಲೀನ್ ಆ ಬಾಗಿಲಿನಿಂದಲೇ ಹಿಂತಿರುಗಿದಳು. ಮನೆಗೆ ಬಂದು ಬಾಗಿಲಲ್ಲೇ ನಿಂತಳು.

"ಎಷ್ಟು ಜನರ ಹತ್ರ ಬರೆಸಿದೆ?"

"ನಲವತ್ಮೂರು," ಎಂದಳು ಲೂವೀನಿಯಾ. ಇನ್ನೂ ನಗುತ್ತಲೇ ಇದ್ದಳು.

"ಚೆನ್ನಾಗಿ ಬರೆದಿದ್ರು ದೊಡ್ಡಮ್ಮ. ಮನೆ ನಂಬರು ಸಮೇತ."

ಜೂನಿನಲ್ಲಿ ವರ್ಲೀನ್ ಶಿಕಾಗೋ ರೈಲು ಹತ್ತಿದಳು. ಅಲ್ಲಿ ಬಿಳಿಯಳಾಗಿಯೇ ಬದುಕುತ್ತೇನೆ, ನೀನು ಬರಬೇಡ ಎಂದು ಹೇಳಿಯೇ ಹೋದಳು. ಲೂವೀನಿಯಾ ದಾರಿಗೆಂದು ಕರಿದ ಕೋಳಿ ಕಟ್ಟಿಕೊಟ್ಟಳು. ಅದು ಮೇಜಿನ ಮೇಲೆಯೇ ಉಳಿಯಿತು.

ಕ್ರಿಸ್‌ಮಸ್ಸಿಗೆ ಒಂದು ಕಾರ್ಡು ಬಂತು. 'ಕ್ಷೇಮವಾಗಿದ್ದೇನೆ' ಎಂದಷ್ಟೇ. ಲೂವೀನಿಯಾ ಅದನ್ನು ತಿರುಗಿಸಿ, ಅಂಗಿಯ ಕೊರಳಪಟ್ಟಿಯಲ್ಲಿ ಕಲೆ ಹುಡುಕುವವಳಂತೆ ಕಿಟಕಿಯ ಬೆಳಕಿಗೆ ಹಿಡಿದಳು. ಕಳಿಸಿದವರ ವಿಳಾಸ ಎಲ್ಲೂ ಇರಲಿಲ್ಲ.