ನಡುವಿನ ಹೆಸರು

ನೆವಾರ್ಕಿನ ನಮ್ಮ ಕೆಳಮನೆಯ ಪೋರ್ಚುಗೀಸ್ ಎಂಜಿನಿಯರ್ ಆಂಟೋನಿಯೋ ಮಾನುಯೆಲ್ ಫೆರೇರಾ ದ ಕೋಸ್ತ ರೈಲು ಹತ್ತಿ ತನ್ನ ಹೆಸರು ಹೇಳಲು ಶುರುಮಾಡಿದರೆ, ಮುಗಿಯುವಷ್ಟರಲ್ಲಿ ಮುಂದಿನ ಸ್ಟೇಷನ್ ಸೀಕಾಕಸ್ ಬಂದಿರುತ್ತಿತ್ತು. ಒಮ್ಮೆ ಟಿಕೆಟ್ ಕೇಳಿದವನು ಕೇಳುತ್ತಾ ಕೇಳುತ್ತಾ ರಿಟೈರೇ ಆಗಿಬಿಟ್ಟ, ನಂಬಿದರೆ ನಂಬಿ. ಸಾಫ್ಟ್‌ವೇರ್ ಭರಾಟೆಯ ಆ ಕಾಲದಲ್ಲಿ ಅವನ ಆಫೀಸಿನ ಕಂಪ್ಯೂಟರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಮೊದಲಿನದನ್ನೂ ಕೊನೆಯದನ್ನೂ ಇಟ್ಟುಕೊಂಡು ನಡುವಿನದನ್ನೆಲ್ಲ ನುಂಗಿಬಿಡುತ್ತಿತ್ತು. ತವರಿನ ಹೆಸರಿಗೂ ಗಂಡನ ಹೆಸರಿಗೂ ನಡುವೆ ಅಡ್ಡಗೆರೆ ಹಾಕಿ ಎರಡನ್ನೂ ಒಂದಾಗಿಸಿಕೊಂಡಿದ್ದ ಅಲ್ಲಿನ ಇಂಗ್ಲಿಷ್ ಮ್ಯಾನೇಜರಮ್ಮನದು ಮಾತ್ರ ಇಡಿಯಾಗಿ ಉಳಿದಿತ್ತು. ಬರೀ ‘ಕೋಸ್ತ’ ಎಂದರೆ ಇವನು ತಿರುಗಿಯೂ ನೋಡುತ್ತಿರಲಿಲ್ಲ. ದಿನವಿಡೀ ‘ಫೆರೇರಾ ದ ಕೋಸ್ತ’ ಎಂದು ಎಲ್ಲರನ್ನೂ ತಿದ್ದಿ, ಸಂಜೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕುಸಿದು ಬೂಟು ಬಿಚ್ಚುತ್ತಿದ್ದ. “ನಡುವಿನವು ಹೋದ್ರೆ ಹೋಗ್ಲಿ ಬಿಡೋ, ಇನ್ನೂ ಎರಡಿದೆಯಲ್ಲ!” ಎಂದು ಒಂದು ದಿನ ರೇಗಿಸಿದೆ. “ಫೆರೇರಾ ನಮ್ಮಮ್ಮನ ಮನೆತನ, ಅಂಕಲ್. ಫೋನ್ ಮಾಡಿದಾಗೆಲ್ಲ ಕೇಳ್ತಾಳೆ, ಅಲ್ಲಿ ನಿನ್ನ ಪೂರ್ತಿ ಹೆಸರು ಕರೀತಾರಾ ಅಂತ. ಹೂಂ ಅಂತ ಸುಳ್ಳು ಹೇಳ್ತೀನಿ.” ಬೋರಲಿಂಗಯ್ಯನಾದ ನನ್ನ ಇನಿಷಿಯಲ್ಲುಗಳಲ್ಲಿ ಊರಿದೆ, ಅಪ್ಪನಿದ್ದಾನೆ, ಅವ್ವ ಎಲ್ಲೂ ಇಲ್ಲ. ಅವನ ಬೂಟು ಎತ್ತಿಕೊಂಡು, “ಏಳಪ್ಪಾ ಫೆರೇರಾ, ಮೇಲೆ ಬಾ, ಊಟ ಮಾಡೋಣ” ಎಂದೆ.