ಬೇಡ ಅನ್ನಬೇಕಿತ್ತು, ನೀಲಕಂಠಪ್ಪ ಅನ್ನಲಿಲ್ಲ

ಬೆಳ್ಳಂಬೆಳಗ್ಗೆ. ತಿಲಕ್ ನಗರ ದಾಟಿ ಬಿಟಿಎಂ ಲೇಔಟ್ ಕಡೆ ಹೊರಳುವ ಅಡ್ಡರಸ್ತೆಯಲ್ಲಿ ಹಾಲಿನ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಪಂಕ್ಚರ್ ಅಂಗಡಿಯ ಅರ್ಧ ಎತ್ತಿದ ಷಟರಿನ ಮುಂದೆ ಕೆಂಪು ಕಾರೊಂದು ಜಾಕ್ ಮೇಲೆ ನಿಂತಿದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ನೀಲಕಂಠಪ್ಪ ಚಕ್ರದ ನಟ್ಟುಗಳನ್ನು ಬಿಚ್ಚಿ ಒಂದೊಂದಾಗಿ ತಮ್ಮ ಹಳೆಯ ಟೋಪಿಯೊಳಗೆ ಹಾಕಿಕೊಳ್ಳುತ್ತಿದ್ದಾರೆ. ನೆಲದ ಮೇಲಿಟ್ಟರೆ ಒಂದಾದರೂ ಉರುಳಿ ಮೋರಿ ಸೇರದೆ ಇರುವುದಿಲ್ಲ ಎನ್ನುವುದು ಅವರ ಅನುಭವ.

ಕಾರು ಪ್ರಕೃತಿ ಎಂಬ ಹುಡುಗಿಯದು. ವಾರವಿಡೀ ಸಿಲ್ಕ್ ಬೋರ್ಡ್ ಜಾಮಿನಲ್ಲಿ ತೆವಳಿಕೊಂಡು ಆಫೀಸಿಗೆ ಹೋಗುವ ಈ ಕಾರು, ತಿಂಗಳಿಗೊಂದು ಭಾನುವಾರ ಕೊಯಮತ್ತೂರು ಕಡೆಯ ಟ್ರ್ಯಾಕ್‌ನಲ್ಲಿ ಹವ್ಯಾಸಿಗಳ ರೇಸಿಗೆ ಇಳಿಯುತ್ತದೆ. ನಮ್ಮ ಗುಂಡಿಬಿದ್ದ ರಸ್ತೆಗೂ ರೇಸಿಗೂ ಎಲ್ಲಿಯ ನಂಟು ಅನ್ನಬೇಡಿ. ದಕ್ಷಿಣ ಬೆಂಗಳೂರಿನಲ್ಲಿ ಇಂಥ ಹುಚ್ಚಿನವರು ಬೇಕಾದಷ್ಟಿದ್ದಾರೆ, ಅವರಲ್ಲಿ ಒಂದಷ್ಟು ಜನಕ್ಕೆ ಟೈರ್ ಆರಿಸಿಕೊಡುವುದು ಈ ಪಂಕ್ಚರ್ ಅಂಗಡಿಯ ನೀಲಣ್ಣ.

ಪ್ರಕೃತಿ ಗೆಳೆಯರ ಮಾತು ಕೇಳಿ, ಎಲ್ಲಕ್ಕಿಂತ ಮೆತ್ತಗಿನ ರೇಸ್ ಟೈರೇ ಬೇಕೆಂದು ಬಂದಿದ್ದಳು. ನೀಲಕಂಠಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ದಿನಾ ಎಲ್ಲಿಗೆ ಓಡಿಸ್ತೀರ, ಮಳೆಯಲ್ಲೂ ತೆಗೀತೀರ ಎಂದು ವಿಚಾರಿಸಿದರು. ಕೊನೆಗೆ, ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದರು. ಅಪ್ಪ ಒಮ್ಮೊಮ್ಮೆ ಕೂರುತ್ತಾರೆ ಎಂದಳು ಹುಡುಗಿ. ಅಲ್ಲಿಗೆ ಮಾತು ಮುಗಿಯಿತು.

“ರೇಸ್ ಟೈರು ಬಿಸಿ ಆದ್ರೆ ರೋಡಿಗೆ ಅಂಟ್ಕೊಳ್ಳುತ್ತೆ ಮೇಡಂ, ಸಖತ್ತಾಗಿರುತ್ತೆ. ಆದ್ರೆ ಜಯನಗರದಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋದ್ರೆ ಅದು ಬಿಸಿನೇ ಆಗಲ್ಲ. ಮೈಮೇಲೆ ಗೆರೆನೂ ಕಮ್ಮಿ, ಮಳೆ ಬಂದ್ರೆ ನೀರು ಎಲ್ಲಿಗೆ ಹೋಗ್ಬೇಕು? ಮದ್ವೆಗೂ ಹೊಲಕ್ಕೂ ಒಂದೇ ಚಪ್ಪಲಿ ಅಂದ್ರೆ ಹೆಂಗೆ?” ಎನ್ನುತ್ತಾರೆ.

ಈಗ ಹಾಕುತ್ತಿರುವುದು ನಡುವಿನ ಜಾತಿಯದು. ಹಿಡಿತವೂ ಇದೆ, ಮಳೆನೀರು ಹೊರಹೋಗಲು ಆಳವಾದ ಗೆರೆಯೂ ಇದೆ. ಟ್ರ್ಯಾಕ್‌ನಲ್ಲಿ ಒಂದೆರಡು ಸೆಕೆಂಡ್ ತಡವಾದರೆ ಆಗಲಿ ಎನ್ನುವುದು ಅವರ ವಾದ. ಹೊಸ ಟೈರು ಪಳಗುವ ತನಕ ಮೆಲ್ಲಗೆ ಓಡಿಸಬೇಕೆಂದು ಎರಡೆರಡು ಸಲ ಹೇಳಿ, ಆಮೇಲೆ ಗಾಳಿ ತುಂಬುತ್ತಾರೆ.

ನೀಲಕಂಠಪ್ಪ ಕೊಪ್ಪಳದ ಕಡೆಯವರು. ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದು ಮಡಿವಾಳದಲ್ಲಿ ಲಾರಿ ಟೈರ್ ಬಿಚ್ಚುವ ಕೆಲಸಕ್ಕೆ ನಿಂತರು. ಒಂದು ದಿನ ಗಾಳಿ ತುಂಬುವಾಗ ರಿಮ್ಮಿನ ಕಬ್ಬಿಣದ ಬಳೆ ಹಾರಿ ಎಡಗೈಗೆ ಬಡಿಯಿತು. ಎರಡು ಬೆರಳು ಇಂದಿಗೂ ಸೊಟ್ಟಗಿವೆ. ಲಾರಿ ಸಹವಾಸ ಸಾಕು ಎಂದು ಹೆಂಡತಿ ಹುಲಿಗೆವ್ವ ಹಟ ಹಿಡಿದ ಮೇಲೆ, ಈ ಬೀದಿಯ ಬೈರಣ್ಣ ತಮ್ಮ ಜಾಗ ಬಾಡಿಗೆಗೆ ಕೊಟ್ಟರು. ಇಲ್ಲೆಲ್ಲ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಅದು ಅವರ ದನದ ಕೊಟ್ಟಿಗೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಹುಲಿಗೆವ್ವ ಪಿಜಿ ಹುಡುಗರಿಗೆ ರೊಟ್ಟಿ ಬಡಿದುಕೊಡುತ್ತಾರೆ. ಇವರು ದಿನಕ್ಕೆ ಹದಿನೈದಿಪ್ಪತ್ತು ಪಂಕ್ಚರ್ ಹಾಕುತ್ತಾರೆ, ಸೊಂಟ ಹಿಡಿದ ದಿನ ಹತ್ತಕ್ಕೇ ಉಸ್ಸಪ್ಪ ಎಂದು ಕೂರುತ್ತಾರೆ.

ರೇಸಿನ ಗಾಳಿ ಈ ಅಂಗಡಿಗೆ ಬೀಸಿದ್ದು ಬೈರಣ್ಣನ ಮಗ ರವಿಕಿರಣನಿಂದ. ಸೈಕಲ್ಲಿಗೆ ಗಾಳಿ ಹಾಕಲು ಇದೇ ಕಟ್ಟೆಯ ಮೇಲೆ ಕಲಿತ ಹುಡುಗ, ಕಾರು ಕೊಂಡು ಭಾನುವಾರದ ರೇಸಿಗೆ ಹೋಗತೊಡಗಿದ. ಬೈರಣ್ಣನಿಗೆ ಅದು ಪೆಟ್ರೋಲ್ ಸುಡುವ ಚಟ. ಮನೆಯಲ್ಲಿ ಕೇಳುವವರಿಲ್ಲದ ರೇಸಿನ ಕತೆಯನ್ನೆಲ್ಲ ರವಿಕಿರಣ ನೀಲಣ್ಣನ ಮುಂದೆ ಬಿಚ್ಚುತ್ತಿದ್ದ. ಮೊದಲ ಕಪ್ ಗೆದ್ದಾಗ ಸಿಹಿ ಬಂದದ್ದು ಇಲ್ಲಿಗೆ, ಮನೆಗೆ ಆಮೇಲೆ. ಶನಿವಾರ ಬೆಳಗ್ಗೆ ರೇಸ್ ಟೈರ್ ಹಾಕುವುದು, ಸೋಮವಾರ ಬೆಳಗ್ಗೆ ತೆಗೆದು ಮಾಮೂಲಿ ಟೈರ್ ಹಾಕುವುದು ಇಬ್ಬರ ನಡುವಿನ ಪದ್ಧತಿಯಾಗಿತ್ತು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಒಂದು ಸೋಮವಾರ ರವಿಕಿರಣ್ ಆತುರದಲ್ಲಿ ಬಂದ. ಪ್ರತಿ ಸಲ ಬಿಚ್ಚಿ ಹಾಕುವ ರಗಳೆ ಸಾಕಾಗಿದೆ, ರೇಸ್ ಟೈರೇ ಇರಲಿ, ಮಳೆ ಬಂದರೆ ಮೆಲ್ಲಗೆ ಓಡಿಸ್ತೀನಿ ಎಂದ. ಬೇರೆ ಯಾರೇ ಆಗಿದ್ದರೂ ನೀಲಕಂಠಪ್ಪ ಕೀಲಿ ಕಸಿದುಕೊಂಡು ಕಾರನ್ನು ಜಾಕ್ ಮೇಲೆ ಏರಿಸುತ್ತಿದ್ದರು. ಇವನು ಓನರ್ ಮಗ. ತಲೆ ಮೇಲಿನ ಸೂರು ಇವನಪ್ಪನದು. ಬೇಡ ಅಂದಿದ್ದರೆ ಬೈರಣ್ಣನೇನು ಅಂಗಡಿ ಖಾಲಿ ಮಾಡಿಸುತ್ತಿರಲಿಲ್ಲ, ಅಂಥ ಮನುಷ್ಯನಲ್ಲ. ಆದರೂ ಬಾಡಿಗೆದಾರನ ನಾಲಿಗೆಗೆ ಅದರದೇ ಒಂದು ಅಳುಕು ಇರುತ್ತದೆ. ತುದಿಗೆ ಬಂದ ಮಾತನ್ನು ಅವರು ನುಂಗಿಕೊಂಡರು. ಒಳಗಿನಿಂದ ಹುಲಿಗೆವ್ವ, “ಮಳಿಗಾಲ ಐತಿ, ಹೇಳ್ರಿ ಅವರಿಗೆ” ಎಂದದ್ದಕ್ಕೆ ಕಣ್ಣಲ್ಲೇ ಗದರಿಸಿ ಸುಮ್ಮನಾಗಿಸಿದರು.

ಆ ವಾರದ ಶುಕ್ರವಾರ ರವಿಕಿರಣ್ ತಾಯಿ ಗೌರಮ್ಮನನ್ನು ಬನಶಂಕರಿ ಗುಡಿಗೆ ಕರೆದುಕೊಂಡು ಹೋದ. ವಾಪಸು ಬರುವಾಗ ಮಳೆ ಹುಯ್ಯತೊಡಗಿತು. ವೇಗವೇನೂ ಇರಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲದೆ ಜಾರಿತು, ಜಾರಿ ಡಿವೈಡರಿಗೆ ಬಡಿಯಿತು. ಮಗನಿಗೆ ತರಚು ಗಾಯ, ತಾಯಿಯ ಸೊಂಟದ ಮೂಳೆ ಮುರಿಯಿತು. ಹಬ್ಬ ಬಂದರೆ ಡಬ್ಬಿ ತುಂಬ ಒಬ್ಬಟ್ಟು ಹಿಡಿದು ಅಂಗಡಿಗೆ ನಡೆದೇ ಬರುತ್ತಿದ್ದ ಗೌರಮ್ಮ ಈಗ ವಾಕರ್ ಹಿಡಿದು ಗೇಟಿನ ತನಕ ಬಂದರೆ ಹೆಚ್ಚು.

ಆಸ್ಪತ್ರೆಗೆ ಓಡಿದ ನೀಲಕಂಠಪ್ಪನಿಗೆ ರವಿಕಿರಣ್ ಬೆಂಚಿನ ಮೇಲೆ ಕೂತಿದ್ದು ಕಂಡಿತು. ಇವರು ಬಾಯಿ ತೆರೆಯುವ ಮುಂಚೆಯೇ ಅವನು, “ನಿಮ್ದೇನೂ ತಪ್ಪಿಲ್ಲ ನೀಲಣ್ಣ” ಎಂದ. ಅಷ್ಟೇ. ಆಮೇಲೆ ಅವನು ಅಂಗಡಿಗೆ ಬಂದಿಲ್ಲ. ರೇಸ್ ಬಿಟ್ಟ. ಕಾರಿಗೆ ಎಲ್ಲಿಯೋ ದೊಡ್ಡ ಶೋರೂಮಿನಲ್ಲಿ ಮಾಮೂಲಿ ಟೈರ್ ಹಾಕಿಸಿದ. ದಿನಾ ಬೆಳಗ್ಗೆ ಅದೇ ಕಾರು ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ನೀಲಕಂಠಪ್ಪ ಕೈ ಎತ್ತುತ್ತಾರೆ. ಗಾಜು ಇಳಿಯುವುದಿಲ್ಲ.

“ತಪ್ಪಿಲ್ಲ ಅಂದವ್ರು ಗಾಳಿ ಹಾಕ್ಸೋಕೂ ಯಾಕೆ ಬರಲ್ಲ ಸಾರ್?” ಎಂದು ನಮ್ಮನ್ನೇ ಕೇಳುತ್ತಾರೆ.

ಅಂದಿನಿಂದ ಅಂಗಡಿಯ ನಡೆಯೇ ಬದಲಾಗಿದೆ. ದಿನಾ ಓಡಿಸುವ ಕಾರಿಗೆ ರೇಸ್ ಟೈರ್ ಕೇಳಿಕೊಂಡು ಬಂದವರನ್ನು, ಭಾನುವಾರಕ್ಕೆ ಮಾತ್ರ ಎಂದು ಎಷ್ಟೇ ಗೋಗರೆದರೂ ವಾಪಸು ಕಳಿಸುತ್ತಾರೆ. ಪಕ್ಕದ ಸೀಟಿನ ಪ್ರಶ್ನೆ ಹುಟ್ಟಿಕೊಂಡದ್ದೂ ಆಗಲೇ. ಮುದುಕನಿಗೆ ಪುಕ್ಕಲು ಎಂದು ಕೆಲವು ಹುಡುಗರು ಬರುವುದನ್ನೇ ಬಿಟ್ಟಿದ್ದಾರೆ. ಬಿಟ್ಟರೆ ಬಿಡಲಿ, ಅದರ ಚಿಂತೆ ಇವರಿಗಿಲ್ಲ. ಹೋದ ಗಿರಾಕಿ ನಾಳೆ ಇನ್ನೊಬ್ಬನ ರೂಪದಲ್ಲಿ ಬರುತ್ತಾನೆ. ಕಣ್ಣೆದುರು ಬೆಳೆದ ಹುಡುಗ ಮುಖ ತಿರುಗಿಸಿಕೊಂಡು ಹೋಗುವುದು ಮಾತ್ರ ದಿನದಿನವೂ ಚುಚ್ಚುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ.

ಮೊನ್ನೆ ಗೇಟಿನ ಬಳಿ ನಿಂತಿದ್ದ ಗೌರಮ್ಮನನ್ನು ಕಂಡು, ಧೈರ್ಯ ಮಾಡಿ ಹತ್ತಿರ ಹೋಗಿ ಆರೋಗ್ಯ ವಿಚಾರಿಸಿದರಂತೆ. ಮಗನ ಮಾತೂ ಬಂತು. ಸಿಟ್ಟು ಇನ್ನೂ ಇಳಿದಿಲ್ಲವೇನಮ್ಮ ಎಂದರೆ ಆಕೆ ತಲೆಯಾಡಿಸಿ, “ಸಿಟ್ಟಲ್ಲ ಕಣಪ್ಪ, ನಾಚಿಕೆ. ಹೆತ್ತೋಳ್ನ ಹಿಂಗೆ ಮಾಡ್ಬಿಟ್ನಲ್ಲ ಅಂತ. ನಿನ್ ಅಂಗಡಿ ಕಂಡ್ರೆ ಅವ್ನಿಗೆ ಅದೇ ನೆನಪಾಯ್ತದೆ” ಎಂದರಂತೆ.

ಆ ಮಾತು ಕೇಳಿ ಸಮಾಧಾನವಾಯಿತೇ ಎಂದರೆ, ಇಲ್ಲ ಎನ್ನುತ್ತಾರೆ. ಪ್ರಕೃತಿಯ ಕಾರನ್ನು ಜಾಕ್‌ನಿಂದ ಇಳಿಸಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಕೈ ಒರೆಸಿಕೊಳ್ಳುತ್ತ ಅವರು ರಸ್ತೆಯತ್ತ ನೋಡುತ್ತಾರೆ. ಆಫೀಸಿನ ಹೊತ್ತು ಶುರುವಾಗಿದೆ, ಬೈಕು ಬಸ್ಸುಗಳ ಗದ್ದಲ ಏರುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ರವಿಕಿರಣನ ಕಾರೂ ಬರುತ್ತದೆ.

“ನಾಚಿಕೆ ಅವ್ರಿಗ್ಯಾಕೆ ಸಾರ್? ಮೆಲ್ಲಗೆ ಓಡಿಸಿದ್ರೂ ಜಾರುತ್ತೆ ಅಂತ ಅವ್ರಿಗೆ ಅಷ್ಟಾಗಿ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು” ಎನ್ನುತ್ತಾರೆ.

ಹಾಗಾದರೆ ಅವನಿಂದ ಏನನ್ನು ಬಯಸುತ್ತೀರಿ ಎಂದು ಕೇಳಿದರೆ ನೀಲಕಂಠಪ್ಪ ತಡಮಾಡದೆ ಉತ್ತರಿಸುತ್ತಾರೆ. ಎಷ್ಟು ದಿನದಿಂದಲೋ ತಮ್ಮೊಳಗೇ ಹೇಳಿಕೊಂಡ ಮಾತಿರಬೇಕು ಅದು.

“ಒಂದ್ಸಲ ಬಂದು ಬಾಯಿಗೆ ಬಂದಂಗೆ ಬೈದ್ಬಿಡ್ಲಿ. ಬೈದ್ರೆ ತಪ್ಪಾಯ್ತು ಅಂತ ಕಾಲಿಗೆ ಬೀಳ್ಬೋದು. ಅವ್ರು ತಪ್ಪೇ ಇಲ್ಲ ಅಂದ್ಬಿಟ್ಟಿದ್ದಾರಲ್ಲ ಸಾರ್, ಈಗ ನಾನು ಏನಂತ ಮಾತಾಡ್ಲಿ?”