ಮಡಿಸಿದ ಮೂಲೆ

ನನಗೆ ಒಂದು ಕಡೆ ಕೂರಲು ಆಗುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಬಯ್ಯುತ್ತಿದ್ದಳು. ಕೆಲಸವೂ ಅಂಥದ್ದೇ ಸಿಕ್ಕಿತು. ಚನ್ನಗಿರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವವಳು ನಾನು. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿರುವ ನಮ್ಮ ಕ್ಲಿನಿಕ್ಕುಗಳ ದಾಖಲೆಯೂ ನನ್ನ ತಲೆಗೇ. ವಾರವೆಲ್ಲ ಬಸ್ಸು.

ಈ ಎಲ್ಲ ಕಡೆಯೂ ನಮ್ಮಲ್ಲಿ ಒಂದು ರೂಢಿಯಿತ್ತು, ಯಾವ ನರ್ಸು ಶುರು ಮಾಡಿದಳೋ ಗೊತ್ತಿಲ್ಲ. ಮನೆಯವರಿಗೆ ತಿಳಿಯಬಾರದು ಎಂದು ರೋಗಿ ಹೇಳಿದರೆ ಅವರ ಕಾರ್ಡಿನ ಮೇಲಿನ ಮೂಲೆಯನ್ನು ಮಡಿಸಿಡುವುದು. ಮೂಲೆ ಮಡಿಸಿದ್ದರೆ ಆ ಮನೆಗೆ ಫೋನ್ ಮಾಡುವಂತಿಲ್ಲ, ಜೊತೆಗೆ ಬಂದವರ ಮುಂದೆ ಬಾಯಿ ಬಿಡುವಂತಿಲ್ಲ. ನಮ್ಮ ಕಡೆ ಆಸ್ಪತ್ರೆಗೆ ಯಾರೂ ಒಬ್ಬರೇ ಬರುವುದಿಲ್ಲ. ರೋಗಿ ಒಬ್ಬರಾದರೆ ರೋಗ ಹೇಳುವವರು ನಾಲ್ವರು. ಬೇರೆ ಕೆಲಸಕ್ಕೆ ಪೇಟೆಗೆ ಬಂದವರೂ ಕೌಂಟರಿಗೆ ಬಂದು, "ನಮ್ಮೂರೋರು ಯಾರಾದ್ರೂ ಅಡ್ಮಿಟ್ ಆಗ್ಯಾರೇನ್ರಿ, ಮಾತಾಡಿಸ್ಕೊಂಡು ಹೋಗಾಕೆ" ಎಂದು ಕೇಳುತ್ತಾರೆ. ಕೇಳದೆ ಹೋದರೆ ಅದೇ ತಪ್ಪು. ಅಂಥ ಜನರ ನಡುವೆ ಆ ಮಡಿಕೆ ಎಷ್ಟೋ ಸಂಸಾರಗಳನ್ನು ಕಾಪಾಡಿತ್ತು.

ಈಚೆಗೆ ಆಡಳಿತ ಮಂಡಳಿಯವರು ರೋಗಿಗಳ ಗುಟ್ಟು ಕಾಯುವ ಕೆಲಸವನ್ನೇ ದೊಡ್ಡ ಊರಿನ ಕಂಪನಿಯೊಂದಕ್ಕೆ ಗುತ್ತಿಗೆ ಕೊಟ್ಟರು. ಕಾನೂನು ಬಿಗಿಯಾಗಿದೆ, ಇದು ನಮ್ಮಿಂದ ಆಗುವುದಲ್ಲ ಎಂದರು. ನನಗೆ ಮೈ ಉರಿಯಿತು. ಆದರೆ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ; ಹೆಸರು, ಊರು, ಕಾಯಿಲೆ ಎಲ್ಲವನ್ನೂ ನಾವು ಸಂತೆಯಲ್ಲಿ ಹರಾಜು ಕೂಗಿದಂತೆ ಕೂಗುತ್ತಿದ್ದೆವು. ಕಂಪನಿಯವರು ಟೋಕನ್ ತಂದರು. ಜಗಳೂರಿನಲ್ಲಿ ಒಬ್ಬ ಅಜ್ಜ ತನ್ನ ನಂಬರು ಕರೆದರೂ ಏಳಲಿಲ್ಲ. "ನಂಗೆ ಹೆಸರಿಲ್ಲೇನಮ್ಮ? ಹೆಸರು ಹಿಡಿದು ಕರೀರಿ, ಬರ್ತೀನಿ" ಎಂದು ಕೂತೇ ಇದ್ದ.

ಆಮೇಲೆ ಎಲ್ಲ ಕ್ಲಿನಿಕ್ಕುಗಳ ಹಳೆಯ ಕಾರ್ಡುಗಳನ್ನು ಚನ್ನಗಿರಿಗೆ ತರಿಸಿ ಸ್ಕ್ಯಾನ್ ಮಾಡಲು ಕಂಪನಿಯ ಹುಡುಗಿಯರು ಬಂದರು. ಬಹಳ ಅಚ್ಚುಕಟ್ಟು. ಮಡಿಸಿದ್ದ ಮೂಲೆಗಳನ್ನೆಲ್ಲ ಹೆಬ್ಬೆರಳಿನಿಂದ ಉಜ್ಜಿ ನೆಟ್ಟಗೆ ಮಾಡಿ ಯಂತ್ರಕ್ಕೆ ಕೊಟ್ಟರು. ನಾನು ಆಗ ಜಗಳೂರಿನಲ್ಲಿದ್ದೆ. ತಿರುಗಿ ಬಂದು ನೋಡಿದರೆ ಕಾರ್ಡುಗಳೆಲ್ಲ ಇಸ್ತ್ರಿ ಮಾಡಿದ ಹಾಗಿದ್ದವು. ಅದರ ಹಿಂದೆಯೇ ಕಂಪನಿಯ ಸುತ್ತೋಲೆ: ಪ್ರತಿ ರೋಗಿಗೂ ದಾಖಲಾದ ನಂಬರಿಗೆ ಫೋನ್ ಮಾಡಿ, ಅವರ ಮಾಹಿತಿಯನ್ನು ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಎಂದು ಕೇಳಲಾಗುವುದು.

ಓದಿದ ಕೂಡಲೇ ಸವಳಂಗದ ಕಡೆಯ ಒಬ್ಬ ಸೊಸೆ ಕಣ್ಣಮುಂದೆ ಬಂದಳು. ಎರಡು ಹೆಣ್ಣುಮಕ್ಕಳಾಗಿದ್ದವು, ಗಂಡು ಬೇಕೆಂದು ಗಂಡನ ಹಠ. ಸೊಂಟನೋವೆಂದು ನ್ಯಾಮತಿಯ ಕ್ಲಿನಿಕ್ಕಿಗೆ ಬಂದು, ಮಕ್ಕಳಾಗದಂತೆ ವಂಕಿ, ಅದೇ ಕಾಪರ್-ಟಿ, ಹಾಕಿಸಿಕೊಂಡು ಹೋಗಿದ್ದಳು. ಕಾರ್ಡಿನಲ್ಲಿದ್ದ ನಂಬರು ಅತ್ತೆಯದು. ಆ ಮನೆಯ ಹೆಂಗಸರಿಗೆಲ್ಲ ಅದೊಂದೇ ಫೋನು. "ಗೊತ್ತಾದ್ರೆ ನನ್ನ ತವರಿಗೆ ಅಟ್ತಾರೆ ಅಕ್ಕಾ, ಮಕ್ಕಳನ್ನ ಇಟ್ಕೊಂತಾರೆ" ಎಂದಿದ್ದಳು. ಆ ಮೂಲೆ ಮಡಿಸಿದವಳು ನಾನೇ.

ಕಂಪನಿಗೆ ಫೋನ್ ಹಚ್ಚಿದೆ. ಅತ್ತಲಿನ ಗಂಡಸಿನದು ಬೆಣ್ಣೆಯಂಥ ದನಿ. "ರೋಗಿಯ ಮಾಹಿತಿಯನ್ನು ನಿಮ್ಮ ಜೊತೆ ಚರ್ಚಿಸುವಂತಿಲ್ಲ ಮೇಡಂ."

"ಆ ನಂಬರು ಆಕೇದಲ್ಲರೀ. ಅವರತ್ತೇದು."

"ಬದಲಾಯಿಸಬೇಕಾದರೆ ರೋಗಿಯೇ ಕೇಳಬೇಕು. ಅದೇ ನಂಬರಿಗೆ ಓಟಿಪಿ ಬರುತ್ತೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ. ಅದು ಕೈ ಅಡ್ಡ ಹಿಡಿದವರಿಗೆಲ್ಲ ನಿಂತಿತು. ಸಾಸ್ವೆಹಳ್ಳಿಯಲ್ಲಿ ಕಂಡಕ್ಟರು ಚಹಾ ಕುಡಿಯಲು ಇಳಿದಾಗ, ಬೇಗ ಬರ್ರಿ ಎಂದು ಕಿಟಕಿಯಿಂದ ಕೂಗಿ ಬೈಸಿಕೊಂಡೆ. ಸೀಟಿದ್ದರೂ ಹೊನ್ನಾಳಿಯವರೆಗೆ ನಿಂತೇ ಹೋದೆ. ನ್ಯಾಮತಿಯಲ್ಲಿ ನರ್ಸಿನ ಸ್ಕೂಟಿ ಕಿತ್ತುಕೊಂಡು ಹೊರಟ ಮೇಲೆ ಹೊಳೆಯಿತು: ಆಸ್ಪತ್ರೆಯವಳು ಬಾಗಿಲಿಗೆ ಬಂದರೆ ಅದೇ ಗುಟ್ಟು ರಟ್ಟಾದಂತೆ. ವಯಸ್ಸಾದವರಿಗೆ ಬಿಪಿ ನೋಡುವ ಶಿಬಿರವಿದೆ, ಕರೆಯಲು ಬಂದೆ ಎನ್ನಬೇಕು. ದಾರಿಯುದ್ದಕ್ಕೂ ಆ ಸುಳ್ಳನ್ನೇ ಬಾಯಿಪಾಠ ಮಾಡಿದೆ.

ಅತ್ತೆ ಒಬ್ಬರೇ ಜಗಲಿಯಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದರು. ಸೊಸೆ ಹೊಲಕ್ಕೆ ಹೋಗಿದ್ದಳು. ನಾನು ಆಸ್ಪತ್ರೆಯಿಂದ ಬಂದೆ, ಬಿಪಿ ಎನ್ನುವಷ್ಟರಲ್ಲೇ, "ಕುಂದರ್ರಿ. ನಿಮ್ಮ ಆಸ್ಪತ್ರೆಯೋರು ನಿನ್ನೆ ಫೋನ್ ಮಾಡಿದ್ರು" ಎಂದರು.

"ಸೊಸಿ ಹೆಸರು ಹೇಳಿ, ನೀವೇನಾ ಅಂದ್ರು. ಹೂಂ ಅಂದೆ." ಅದರಲ್ಲಿ ವಿಶೇಷವೇನಿಲ್ಲ. ಗ್ಯಾಸಿನವರಾಗಲಿ, ಸಂಘದವರಾಗಲಿ, ಯಾರ ಹೆಸರು ಹೇಳಿದರೂ ಫೋನು ಕೈಯಲ್ಲಿದ್ದವರು ಹೂಂ ಎನ್ನುವುದು ನಮ್ಮ ಮನೆಗಳಲ್ಲಿ ನಡೆದು ಬಂದದ್ದೇ. "ವಂಕಿ ಹಾಕಿಸಿದ್ದು, ಯಾವತ್ತು ಹಾಕಿಸಿದ್ದು, ಎಲ್ಲಾ ಓದಿ ಹೇಳಿದ್ರು. ಇದನ್ನ ಮನಿಯೋರಿಗೆ ಹೇಳಬೌದಾ ಅಂತ ಕೇಳಿದ್ರು."

"ನೀವೇನಂದ್ರಿ?"

"ಯಾರಿಗೂ ಹೇಳಬ್ಯಾಡ್ರಿ ಅಂದೆ."

ಬಿಡಿಸಿದ ದಿಂಡನ್ನು ಬುಟ್ಟಿಗೆ ಎಸೆದು ಇನ್ನೊಂದು ತೆನೆ ಎತ್ತಿಕೊಂಡರು. "ನನ್ನ ಮಗನ ಸಿಟ್ಟು ಎಂಥದ್ದು ಅಂತ ನಂಗೆ ಗೊತ್ತೈತೆ. ನಂಗೆ ತಿಳಿದೈತೆ ಅಂತ ಆಕಿಗೂ ಹೇಳಬ್ಯಾಡ್ರಿ. ಹೆದರ್ಕೊಂಡು ತೆಗೆಸಿಬಿಟ್ಟಾಳು."

ನನಗೆ ಅಳು ಬಂತು. ತಿಂಗಳುಗಟ್ಟಲೆ ಈ ಹೆಂಗಸನ್ನು ರಾಕ್ಷಸಿ ಎಂದುಕೊಂಡಿದ್ದೆ. ನೀರು ಕೊಟ್ಟರು, ಕುಡಿದು ಎದ್ದೆ. "ಯಾಕೆ ಬಂದಿದ್ರು ಅಂತ ಯಾರಾದ್ರೂ ಕೇಳಿದ್ರೆ ಅದೇನೋ ಬಿಪಿ ಅಂದ್ರಲ್ಲ, ಅದನ್ನೇ ಹೇಳ್ತೀನಿ" ಎಂದು ಬಾಗಿಲವರೆಗೆ ಬಂದು ಕಳಿಸಿದರು.

ಚನ್ನಗಿರಿಗೆ ಮರಳಿ ಮಂಡಳಿಯವರ ಮುಂದೆ ಜಗಳವಾಡಿ ಆ ಫೋನುಗಳನ್ನು ನಿಲ್ಲಿಸಿದೆ. ನಮ್ಮ ಮಡಿಕೆಗೆ ಕಂಪ್ಯೂಟರಿನಲ್ಲೂ ಒಂದು ಜಾಗ ಕೊಡಿ ಎಂದು ಕಂಪನಿಯವರನ್ನು ಇನ್ನೂ ಕಾಡುತ್ತಿದ್ದೇನೆ.

ಮುಂದಿನ ತಪಾಸಣೆಗೆ ಸೊಸೆ ನ್ಯಾಮತಿಗೆ ಬಂದಾಗ ಜೊತೆಗೆ ಅತ್ತೆಯೂ ಬಂದಿದ್ದರು. ಅವರು ಟೋಕನ್ ಹಿಡಿದು ಹೊರಗಿನ ಬೆಂಚಿನಲ್ಲಿ ಕೂತರು, ನನ್ನ ಕಡೆ ನೋಡಲೂ ಇಲ್ಲ. ಸೊಸೆ ಒಳಗೆ ಬಂದು ಪಿಸುಗುಟ್ಟಿದಳು. "ಸೊಂಟನೋವು ಅಂತ ನಂಬಿಬಿಟ್ಟಾರೆ ಅಕ್ಕಾ, ಕೊಡ ಎತ್ತಾಕೂ ಬಿಡವಲ್ರು. ಅವರಿಗೇನೂ ಗೊತ್ತಾಗಿಲ್ಲ ಅಲ್ವಾ?"

"ಇಲ್ಲಮ್ಮ" ಎಂದೆ.

ಅವಳು ಹೋದ ಮೇಲೆ ಕಾರ್ಡು ತೆಗೆದು ಮೇಲಿನ ಮೂಲೆಯನ್ನು ಮತ್ತೆ ಮಡಿಸಿದೆ. ಆಮೇಲೆ ಕೆಳಗಿನ ಮೂಲೆಯನ್ನೂ ಮಡಿಸಿದೆ. ಅದು ಅತ್ತೆಯದು.